ಸಿಟ್ಟಿಲ್ಲದ ಹಲ್ಲು

ನಮ್ಮ ಕಡೆ ಹಲ್ಲು ಕಡಿಯುವುದೆಂದರೆ ಸಿಟ್ಟು. ಮದುವೆಯಾಗಿ ಧಾರವಾಡದಿಂದ ಮುಂಬಯಿ ಬಳಿಯ ಡೊಂಬಿವ್ಲಿಗೆ ಬಂದ ಹೊಸದರಲ್ಲಿ, ಗಂಡ ನಿದ್ದೆಯಲ್ಲಿ ಕಟಕಟ ಹಲ್ಲು ಕಡಿಯುವುದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತ್ತು. ಹಗಲಿನಲ್ಲಿ ಈ ಮನುಷ್ಯ ಬೆಕ್ಕಿಗೂ ಗದರಿದವರಲ್ಲ. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ದಿನವಿಡೀ ಲಾರಿಯವರೊಂದಿಗೆ ಗುದ್ದಾಡಿ ಬಂದರೂ "ಚಹಾ ಚೊಲೋ ಆಗೇದ" ಎನ್ನುತ್ತಿದ್ದರು. ನಾನು ಅವರಿಗೆ ಹಿಡಿಸಿಲ್ಲ, ಹಗಲು ನುಂಗಿದ್ದು ರಾತ್ರಿ ಹೊರಬರುತ್ತಿದೆ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಎಸ್‌ಟಿಡಿ ಬೂತಿನಿಂದ ಅತ್ತೆಗೆ ಹೇಳಿದರೆ, "ಹೊಟ್ಟ್ಯಾಗ ಹುಳ ಆಗಿರ್ತಾವ, ಔಷಧ ಕುಡಸವಾ" ಎಂದರು. ಕುಡಿಸಿದೆ. ಹುಳ ಹೋದವೋ ಏನೋ, ಸದ್ದು ಹೋಗಲಿಲ್ಲ.

ಆಮೇಲೆ ಅವರ ಮುಖ ನೋಡುತ್ತ ಬದುಕುವುದೇ ನನ್ನ ಕೆಲಸವಾಯಿತು. ಸಾರಿಗೆ ಉಪ್ಪು ಹೆಚ್ಚಾಯಿತೇ? ತವರಿನ ಮಾತು ಹೆಚ್ಚಾಯಿತೇ? ಸಂಜೆಯಾದರೆ ನನಗೆ ತಲೆನೋವು. ಅದನ್ನು ಲೋಕಲ್ ಗಾಡಿಗಳ ಸದ್ದಿನ ಮೇಲೆ ಹಾಕಿದೆ.

ಒಂದು ದಿನ ಕಡಕ್ ರೊಟ್ಟಿ ತಿನ್ನುವಾಗ ಅವರ ಹಿಂದಿನ ಹಲ್ಲಿನ ಚೂರು ಮುರಿಯಿತು. ರೊಟ್ಟಿ ನನ್ನದು, ಹಾಗಾಗಿ ತಪ್ಪೂ ನನ್ನದೇ ಎಂದುಕೊಂಡೆ. ಹತ್ತಿರದ ಠಾಣೆ ಊರಿನ ಹಲ್ಲಿನ ಡಾಕ್ಟರಮ್ಮ ಬಾಯಿ ನೋಡಿ, ನಿದ್ದೆಯಲ್ಲಿ ಕಡಿದು ಕಡಿದು ಹಲ್ಲೆಲ್ಲ ಸವೆದಿವೆ ಎಂದರು. ತಡೆಯಲಾಗದೆ ನನ್ನ ಹರಕು ಹಿಂದಿಯಲ್ಲಿ ಕೇಳಿಯೇಬಿಟ್ಟೆ: ಇವರಿಗೆ ಯಾರ ಮೇಲೆ ಸಿಟ್ಟು?

ಡಾಕ್ಟರಮ್ಮ ನಕ್ಕರು. ನಿದ್ದೆಯಲ್ಲಿ ಕಡಿಯುವುದು ನಿದ್ದೆಯದೇ ಚಾಳಿ, ಅದನ್ನು ಸಿಟ್ಟೆನ್ನಲಾಗದು ಎಂದರು. ಎಚ್ಚರದಲ್ಲಿ ಹಲ್ಲು ಬಿಗಿಹಿಡಿಯುವುದು ಬೇರೆ, ಅದು ಚಿಂತೆ ಮಾಡುವವರಲ್ಲಿ ಹೆಚ್ಚಂತೆ. ಕೆಲವರಿಗೆ ಎರಡೂ ಇರುತ್ತವಂತೆ, ಕೆಲವರಿಗೆ ಒಂದೇ. ಹಾಗೆನ್ನುತ್ತ ನನ್ನ ದವಡೆಯನ್ನೇ ದಿಟ್ಟಿಸಿ ಹೇಳಿದರು: "ಈಗ ನಿಮ್ಮ ಹಲ್ಲು ಹೇಗಿವೆ, ನೋಡಿಕೊಳ್ಳಿ."

ನೋಡಿಕೊಂಡೆ. ಮೇಲಿನವು ಕೆಳಗಿನವನ್ನು ಕಚ್ಚಿ ಹಿಡಿದಿದ್ದವು. ಸುಮ್ಮನಿರುವಾಗ ಹಲ್ಲಿಗೆ ಹಲ್ಲು ತಾಗಲೇಬಾರದಂತೆ! ತಲೆನೋವಿನ ಮೂಲ ಗಾಡಿಗಳ ಸದ್ದಿನಲ್ಲಿರಲಿಲ್ಲ, ನನ್ನ ಬಾಯಲ್ಲೇ ಇತ್ತು.

ಠಾಣೆಯ ರೈಲು ಸ್ಟೇಷನ್ನಿನಲ್ಲಿ ಇವರು ಮೆಲ್ಲಗೆ ಕೇಳಿದರು, "ನಿನಗ ಯಾರ ಮ್ಯಾಲ ಸಿಟ್ಟು?"

"ಸಿಟ್ಟಲ್ರೀ, ಅಂಜಿಕಿ. ನಾ ನಿಮ್ಮ ಮನಸಿಗೆ ಬಂದಿಲ್ಲ ಅಂತ ತಿಳ್ಕೊಂಡಿದ್ದೆ."

ಗಾಡಿ ಬಂದಾಗ ಅವರು, ಲೇಡೀಸ್ ಡಬ್ಬಿಯತ್ತ ಹೊರಟ ನನ್ನ ಕೈ ಹಿಡಿದು, ಆ ಗರ್ದಿಯಲ್ಲೂ ತಮ್ಮ ಡಬ್ಬಿಗೇ ಹತ್ತಿಸಿಕೊಂಡರು. ಡೊಂಬಿವ್ಲಿಯವರೆಗೂ ಕೈ ಬಿಡಲಿಲ್ಲ. ನನಗೆ ಅಳು ಬಂತು.

ಆ ರಾತ್ರಿ ಅವರು ಹಲ್ಲು ಕಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಗೊರಕೆ ಹೊಡೆದೆನೆಂದು ಅವರು ಈಗಲೂ ಹೇಳುತ್ತಾರೆ.