ಅಪ್ಪ ಕುಡಿಯದ ನೀರು

ನಮ್ಮಪ್ಪನ ಹಟ ಎಲ್ಲಿ ಮುಗಿದು ಭಕ್ತಿ ಎಲ್ಲಿ ಶುರುವಾಗುತ್ತದೆಂದು ಅಮ್ಮನಿಗೂ ಗೊತ್ತಿರಲಿಲ್ಲ. ಅರವತ್ತರ ದಶಕದ ಕೊನೆ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬಸ್ಸಿಳಿದು ಮನೆಗೆ ನಡೆಯುವಷ್ಟರಲ್ಲಿ ಅಪ್ಪ ಮೂರು ಕಡೆ ನಿಂತು, ಯಾರದೋ ಮನೆಯ ಪಾಯ ಪರೀಕ್ಷಿಸುವವರಂತೆ ನಟಿಸಿ ಸುಧಾರಿಸಿಕೊಳ್ಳುತ್ತಿದ್ದರು. ಒಂದು ದಿನ ನಟನೆ ಅಮ್ಮನ ಕಣ್ಣಿಗೆ ಬಿತ್ತು. ಅಪ್ಪ ಆಸ್ಪತ್ರೆ ಸೇರಿದರು.

ಹೃದಯದ ಕವಾಟ ನೋಡಬೇಕೆಂದರು ಡಾಕ್ಟರು. ತೋಳಿನ ರಕ್ತನಾಳದಲ್ಲಿ ಸಣ್ಣ ಕೊಳವೆ ತೂರಿಸಿ, ಬಣ್ಣ ಬಿಟ್ಟು, ಎಕ್ಸ್‌ರೇ ತೆಗೆಯುವುದು. ಅಪ್ಪನ ಎದೆಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗ. ಚಿತ್ರಕ್ಕೆ ಬೆಳ್ಳಿ ಅಡ್ಡ ಬರುತ್ತದೆ, ತೆಗೆಯಿರಿ ಎಂದರು.

"ಇದಕ್ಕೇ ಎಕ್ಸ್‌ರೇ ತೆಗೀರಿ ಸಾರ್, ನನ್ನ ಹೃದಯ ಇರೋದು ಇದರೊಳಗೆ" ಎಂದು ಅಪ್ಪ ವಾದಿಸಿ, ಸೋತು, ಲಿಂಗವನ್ನು ಅಮ್ಮನ ಕೈಗೆ ಕೊಟ್ಟರು.

ಪರೀಕ್ಷೆ ಸಲೀಸಾಗಿ ಮುಗಿಯಿತು. ಅಮ್ಮ ಲಿಂಗ ಮರಳಿಸಿ ಮನೆಗೆ ಹೋದಳು. ಬಿ.ಎ. ಓದುತ್ತಿದ್ದ ನಾನು ಕಾವಲಿಗೆ ಉಳಿದೆ. "ಬಣ್ಣ ಮೂತ್ರದಲ್ಲೇ ಹೋಗ್ಬೇಕು, ಚೆನ್ನಾಗಿ ನೀರು ಕುಡಿಸಮ್ಮ" ಎಂದರು ನರ್ಸ್. ಅಪ್ಪನ ಕಾನೂನು ಬೇರೆ. ಲಿಂಗ ಮೈಯಿಂದ ಅಗಲಿದ ಮೇಲೆ ಸ್ನಾನ, ಪೂಜೆ ಆಗದೆ ಹನಿ ನೀರೂ ಮುಟ್ಟುವಂತಿಲ್ಲ. ತೋಳಿನ ಗಾಯ ನೆನೆಯಬಾರದೆಂದು ಡಾಕ್ಟರು ಸ್ನಾನ ಬೇಡವೆಂದಿದ್ದರು.

"ಒಂದು ಗುಟುಕು ಕುಡೀರಪ್ಪ" ಎಂದೆ.

"ಕಿಟಕಿ ಆಚೆ ಕಣಗಿಲೆ ಗಿಡ ಇದೆ, ಅದಕ್ಕೆ ಕುಡಿಸು. ಕೇಳಿದ್ರೆ ಅಪ್ಪನೇ ಕುಡಿದ್ರು ಅನ್ನು."

ನಾನು ವಿಧೇಯ ಮಗಳು. ಲೋಟದ ಮೇಲೆ ಲೋಟ ಗಿಡಕ್ಕೆ ಸುರಿದು, "ಕುಡಿದ್ರು ಸಿಸ್ಟರ್" ಎಂದು ವರದಿ ಒಪ್ಪಿಸಿದೆ. ಅವರು ಬರೆದುಕೊಂಡು ನನ್ನನ್ನು ಹೊಗಳಿದರು. ಸಾಲದ್ದಕ್ಕೆ ನನಗೂ ಅಪ್ಪನಿಗೂ ಕಿಸಿಕಿಸಿ ನಗು ಬೇರೆ.

ಮರುದಿನ ಮಧ್ಯಾಹ್ನ ನಗು ನಿಂತಿತು. ಮೂತ್ರದ ಬಾಟಲಿ ಬೆಳಗಿನಿಂದ ಖಾಲಿ. ಅಪ್ಪ ಮಂಕಾಗಿದ್ದರು. ಇಷ್ಟು ನೀರು ಕುಡಿದವರಿಗೆ ಮೂತ್ರ ಯಾಕಿಲ್ಲವೆಂದು ಡಾಕ್ಟರು ಚಾರ್ಟನ್ನು ತಿರುವಿ ಹಾಕುತ್ತಿದ್ದಾಗ ನಾನು ಬಾಯಿಬಿಟ್ಟೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಡ್ರಿಪ್ ಹಾಕಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. "ಬಣ್ಣದಿಂದ ಕಿಡ್ನಿಗೆ ಪೆಟ್ಟಾಗಿದೆ. ತಾನಾಗೇ ಚೇತರಿಸ್ಕೋಬೇಕು. ಇಲ್ಲದಿದ್ರೆ ಕಷ್ಟ" ಎಂದರು.

ಸಂಜೆ ಬಂದ ಅಮ್ಮ ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು.

"ಕಾಯಿಲೆಯವರಿಗೆ ಭಸ್ಮಸ್ನಾನ ಸಾಕಲ್ರೀ! ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

ಅವಳೇ ಅಪ್ಪನ ಮೈಗೆ ವಿಭೂತಿ ಬಳಿದಳು. ಹತ್ತು ನಿಮಿಷದಲ್ಲಿ ಪೂಜೆಯಾಯಿತು. ಅಪ್ಪ ಲೋಟಕ್ಕೆ ಕೈ ಚಾಚಿದರೆ ನರ್ಸ್ ಅಡ್ಡ ಬಂದರು. ಮೂತ್ರ ಆಗುವವರೆಗೆ ದಿನಕ್ಕೆ ಎರಡೇ ಲೋಟ, ಹೆಚ್ಚಾದರೆ ಎದೆಯಲ್ಲಿ ನೀರು ತುಂಬುತ್ತದಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಮೂರನೆಯ ದಿನ ನಾವಿಬ್ಬರೇ ಇದ್ದಾಗ ಅಪ್ಪ ಒಣತುಟಿ ಸವರಿಕೊಂಡು, "ಒಂದೇ ಗುಟುಕು ಕೊಡಮ್ಮ, ಯಾರಿಗೂ ಹೇಳ್ಬೇಡ" ಎಂದರು.

"ಇಲ್ಲಪ್ಪ."

"ಅವತ್ತು ನನ್ನ ಮಾತು ಕೇಳ್ದೆ. ಇವತ್ತೇನಾಯ್ತು?"

"ಅವತ್ತು ಕೇಳಿದ್ದಕ್ಕೇ ಇವತ್ತು ಕೇಳಲ್ಲ."

ಅಪ್ಪ ಗೋಡೆಯ ಕಡೆ ತಿರುಗಿದರು. ಎರಡು ದಿನ ನನ್ನೊಂದಿಗೆ ಮಾತಿಲ್ಲ. ಅಪ್ಪ ಹೋದರೆ ಕೊಂದವಳು ನಾನೇ ಎಂದು ಅವರ ಬೆನ್ನಿನ ಹಿಂದೆ ಕೂತು, ಸದ್ದಾಗದಂತೆ ಅಳುತ್ತಿದ್ದೆ.

ನಮ್ಮಪ್ಪ 'ಒಂದಕ್ಕೆ' ಎಂಬ ಮಾತನ್ನೂ ಹೆಣ್ಣುಮಕ್ಕಳ ಎದುರು ಆಡದ ಮರ್ಯಾದಸ್ಥರು. ಐದನೆಯ ದಿನ ಬೆಳಗ್ಗೆ ಆ ಮನುಷ್ಯ ಪರದೆಯ ಹಿಂದಿನಿಂದ ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು. ಅಮ್ಮನನ್ನಲ್ಲ, ನನ್ನನ್ನು. ಓಡಿದೆ. ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದರು.

"ನೋಡಮ್ಮ, ಅರ್ಧ ಬಾಟ್ಲಿ. ಇನ್ನು ಅಳೋದು ನಿಲ್ಸು."