ಮಾಸ್ತರರ ಮುಂದೆ ಓರೆಯಾಗಿ ನಿಂತದ್ದು

ಚೆಂಡು ನನ್ನ ಎಡಗಾಲಿಗೆ ಬಂತು. ನಿಲ್ಲಿಸಿದೆ. ತಲೆ ಎತ್ತುವುದರೊಳಗೆ ಗೆಳೆಯ ಬಸ್ಯಾ ಹಿಂದಿನಿಂದ ಬಂದು ಅದನ್ನು ಒಯ್ದುಬಿಟ್ಟಿದ್ದ. ಆ ಸಂಜೆ ಅದು ಏಳನೆಯ ಸಲ.

"ಹಿಂದ ಯಾರದಾರ ಅಂತ ನೋಡಿದ್ದೇನು?" ಮಾಸ್ತರು ಕೇಳಿದರು.

"ಇಲ್ರಿ."

"ಯಾಕ?"

"ನೀವು ಚೆಂಡ ಕೊಡಾಕತ್ತಿದ್ರಲ್ರಿ. ನಿಮ್ಮನ್ನ ನೋಡಿದೆ."

ಆಗ ನನಗೆ ಹನ್ನೆರಡು. ಇಳಕಲ್ಲಿನ ನಮ್ಮ ಓಣಿಯ ಹುಡುಗರಿಗೆ ಫುಟ್‌ಬಾಲ್ ಅಂದರೆ ಓಡುವುದು, ಒದೆಯುವುದು, ಎರಡೇ. ಬೇಸಿಗೆ ರಜೆ. ಗ್ರಾನೈಟ್ ಪಾಲಿಶ್ ಕಾರ್ಖಾನೆಗಳ ಹಿಂದಿನ ಖಾಲಿ ಜಾಗವೇ ನಮ್ಮ ಮೈದಾನ. ಕಲ್ಲು ಕೊಯ್ದ ನೀರು ಒಣಗಿ ನೆಲದ ಮೇಲೆ ಬೂದಿಯಂಥ ಪುಡಿ. ಆಡಿ ಮನೆಗೆ ಹೋಗುವಾಗ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ, ಹಲ್ಲು ಕಚ್ಚಿದರೆ ಕರಕರ. ರಸ್ತೆಯ ಗಾಡಿಯಿಂದ ಮಿರ್ಚಿ ಭಜಿಯ ವಾಸನೆ ಬರುತ್ತಿತ್ತು, ವಾಸನೆ ಮಾತ್ರ.

ಮಾಸ್ತರು ಶಾಲೆಯ ಮಾಸ್ತರಲ್ಲ. ಬೆಳಗಾವಿಯವರು, ಅಲ್ಲೇ ಪಾಲಿಶ್ ಮಶೀನು ನಡೆಸುತ್ತಿದ್ದರು. ಪಾಳಿ ಮುಗಿದ ಮೇಲೆ ನಮಗೆ ಕಲಿಸುತ್ತಿದ್ದರು. ರಜೆಯ ಕೊನೆಗೆ ಬಾಗಲಕೋಟೆಯಲ್ಲಿ ಪಂದ್ಯವಿತ್ತು. ಹನ್ನೊಂದರಲ್ಲಿ ಹತ್ತು ಹೆಸರು ಗಟ್ಟಿಯಾಗಿದ್ದವು. ನಡುವೆ ಆಡುವ ಒಂದು ಜಾಗ ಉಳಿದಿತ್ತು. ಅದು ನನಗೆ ಬೇಕಿತ್ತು. ಆ ವರ್ಷ ಬೇರೇನೂ ಬೇಕಿರಲಿಲ್ಲ.

ನಡುವೆ ಆಡುವವನು ಚೆಂಡು ಬರುವ ಮೊದಲೇ ಓರೆಯಾಗಿ ನಿಲ್ಲಬೇಕು. ಒಂದು ಭುಜ ಚೆಂಡು ಕೊಡುವವನ ಕಡೆ, ಇನ್ನೊಂದು ಎದುರಿನವರ ಗೋಲಿನ ಕಡೆ. ಒಮ್ಮೆ ಹಿಂದೆ ಹೊಳ್ಳಿ ನೋಡಿ, ದೂರದ ಕಾಲಿನಲ್ಲಿ ಚೆಂಡು ತಗೊಂಡರೆ ಅದು ತಾನೇ ಮುಂದೆ ಹೋಗುತ್ತದೆ. ಇದೆಲ್ಲ ನನಗೆ ತಿಳಿದಿತ್ತು. ಮೈ ಕೇಳುತ್ತಿರಲಿಲ್ಲ.

ವಿಚಿತ್ರ ಏನೆಂದರೆ, ಬಸ್ಯಾ ಚೆಂಡು ಕೊಟ್ಟರೆ ನಾನು ಸರಿಯಾಗಿಯೇ ನಿಲ್ಲುತ್ತಿದ್ದೆ. ಮಾಸ್ತರು ಕೊಟ್ಟರೆ ಕಂಬ. ಇದನ್ನು ಮೊದಲು ಕಂಡವರೂ ಅವರೇ. ಮೂರು ದಿನ ಬಯ್ಯುವುದು ಬಿಟ್ಟು ಬರೀ ನನ್ನ ಪಾದ ನೋಡಿದರು. ಆಮೇಲೆ, ಮನೆಯಲ್ಲಿ ಹಿರಿಯರು ಏನಾದರೂ ಕೊಟ್ಟರೆ ಹೇಗೆ ತಗೋತೀ ಅಂತ ಕೇಳಿದರು. ಎದುರು ನಿಂತು ಎರಡೂ ಕೈಯಲ್ಲಿ ಅಂದೆ. ಮಾರಿ ಅತ್ತ ತಿರುಗಿಸಿದರೆ ಅಪ್ಪ ತಲೆಗೆ ಮೊಟಕುತ್ತಿದ್ದ. ಅದು ಕಾಲಿಗೂ ಇಳಿದಿತ್ತು, ನನಗೇ ಗೊತ್ತಿರಲಿಲ್ಲ.

ಮಾಸ್ತರು ಒಂದು ಉಪಾಯ ಮಾಡಿದರು. ಮೈದಾನದಲ್ಲಿ ಎಲ್ಲರೂ ಅವರಿಗೆ 'ಲೇ' ಅನ್ನಬೇಕು. ಬಸ್ಯಾ ಆಗಿಂದಾಗಲೇ ಶುರು ಮಾಡಿದ, ಬೇಕಾದ್ದಕ್ಕಿಂತ ಹೆಚ್ಚೇ ಅಂದ. ನನಗೆ ಎರಡು ದಿನ ಬಾಯಿ ಬರಲಿಲ್ಲ. ಮೂರನೆಯ ದಿನ ಕಣ್ಣು ಮುಚ್ಚಿ ಕೂಗಿದೆ.

"ಲೇ ಮಾಸ್ತರ, ಚೆಂಡ ಹಾಕು."

ಕಣ್ಣು ತೆರೆದರೆ ಮೈದಾನದ ಅಂಚಿನಲ್ಲಿ ಅಪ್ಪ ಸೈಕಲ್ ಹಿಡಿದು ನಿಂತಿದ್ದ.

ಹೊಡೆಯಲಿಲ್ಲ, ಬಯ್ಯಲಿಲ್ಲ. ಹಿಂದೆ ಕೂರಿಸಿಕೊಂಡು ಮನೆಗೆ ಒಯ್ದ. ನಾಳೆಯಿಂದ ಆಟ ಬಂದ್ ಅಂದ. ಅವ್ವ ರೊಟ್ಟಿ, ಪುಂಡಿಪಲ್ಲೆ ಹಾಕಿದಳು. ತಾಟು ಸರಿಸಿ ಎದ್ದೆ.

ಮರುದಿನ ಮಾಸ್ತರು ಚೆಂಡು ಬಗಲಲ್ಲಿ ಹಿಡಿದು ಮನೆಗೇ ಬಂದರು. ಅಪ್ಪ ಕುಣಿ ಮಗ್ಗದೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಏಳಲಿಲ್ಲ. ಲಾಳಿ ಆ ಕಡೆ ಈ ಕಡೆ ಓಡುತ್ತಲೇ ಇತ್ತು. ಹುಡುಗನದಲ್ಲ, ತಪ್ಪು ನನ್ನದು ಅಂದರು ಮಾಸ್ತರು. ಆಗ ಮಗ್ಗ ನಿಂತಿತು. ಒಂದೇ ಒಂದು ಸಲ ಅಂಗಳಕ್ಕೆ ಬರ್ರಿ ಅಂತ ಕೇಳಿಕೊಂಡರು. ಅಪ್ಪನ ಕೈಗೆ ಚೆಂಡು ಕೊಟ್ಟು, ನನ್ನ ಕಡೆ ಉರುಳಿಸಲು ಹೇಳಿದರು.

ಅಪ್ಪ ಉರುಳಿಸಿದ. ನಾನು ಪಾದ ಜೋಡಿಸಿ ನಿಂತೆ. ಮಾಸ್ತರು ಹಿಂದಿನಿಂದ ಬಂದು ಚೆಂಡು ಒಯ್ದರು. ಇನ್ನೊಮ್ಮೆ ಉರುಳಿಸಿದ. ಮತ್ತೆ ಒಯ್ದರು. ಮೂರನೆಯ ಸಲಕ್ಕೆ ಅಪ್ಪನಿಗೆ ಸಿಟ್ಟು ಬಂತು, ನನ್ನ ಮೇಲೆ.

"ಹಿಂದ ನೋಡಬಾರದೇನಲೇ?"

"ಹ್ಯಾಂಗ ನೋಡ್ತಾನ್ರಿ," ಮಾಸ್ತರು ಅಂದರು. "ಮುಂದ ನೀವು ಅದೀರಲ್ಲ."

ಅಪ್ಪ ಚೆಂಡನ್ನು ಇಸಿದುಕೊಂಡು ಕೈಯಲ್ಲಿ ಹೊರಳಿಸಿದ.

"ಲೇ ಗೀ ಅನ್ನೂದು ಬ್ಯಾಡ," ಅಂದ ನನಗೆ. "ರೀ ಅಂತನ ಕರಿ. ಆದ್ರ ಹೊಳ್ಳಿ ನಿಂದ್ರು. ನಾನ ಹೇಳಾಕತ್ತೀನಿ, ಹೊಳ್ಳು."

ಹೊಳ್ಳಿದೆ. ಅಪ್ಪನ ಕಡೆ ಒಂದೇ ಭುಜ. ಹಿಂದಿನಿಂದ ಮಾಸ್ತರು ಬರುವುದು ಕಂಡಿತು. ದೂರದ ಕಾಲಿನಲ್ಲಿ ಚೆಂಡು ತಗೊಂಡೆ. ಅದು ಅವರನ್ನು ದಾಟಿ ಓಣಿಗೆ ಹೋಯಿತು.

ಬಾಗಲಕೋಟೆಗೆ ಹೋದೆ. ಹುನಗುಂದ ದಾಟುವವರೆಗೂ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ನಿಂತೇ ಹೋದೆವು. ನಡುವಿನ ಜಾಗದಲ್ಲಿ ಆಡಿದೆ. ಮೂರು ಗೋಲಿನಿಂದ ಸೋತೆವು. ಆದರೆ ಒಬ್ಬನೂ ಹಿಂದಿನಿಂದ ಬಂದು ನನ್ನ ಚೆಂಡು ಒಯ್ಯಲಿಲ್ಲ. ಮುಂದಿನಿಂದ ಬಂದು ಒಯ್ದರು, ಅದು ಬೇರೆ ಮಾತು.

ಮುಂದೆ ಮಾಸ್ತರು ಊರು ಬಿಟ್ಟರು. ಆ ಮೈದಾನದ ತುಂಬ ಈಗ ಕಲ್ಲಿನ ಹಲಗೆಗಳು ನಿಂತಿವೆ. ಅಪ್ಪ ಇಲ್ಲ. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟೆ, ಪಾಲಿಶ್ ಮಶೀನು ನಡೆಸುತ್ತೇನೆ, ರವಿವಾರ ಓಣಿಯ ಹುಡುಗರಿಗೆ ಚೆಂಡು ಕೊಡುತ್ತೇನೆ. ಇವರಿಗೆ ಓರೆಯಾಗಿ ನಿಲ್ಲುವುದನ್ನು ಕಲಿಸಬೇಕಾಗಿಲ್ಲ. ಮೊಬೈಲಿನಲ್ಲಿ ನೋಡಿಕೊಂಡೇ ಬಂದಿರುತ್ತಾರೆ. ಆಟಕ್ಕೆ ಅದೇ ಸರಿ. ಆಟ ಮುಗಿದ ಮೇಲೆ ಬಾಳೆಹಣ್ಣು ಹಂಚುತ್ತೇನೆ. ಆಗಲೂ ಹಾಗೇ ನಿಂತು, ಅತ್ತ ನೋಡುತ್ತ, ಒಂದು ಕೈ ಚಾಚುತ್ತಾರೆ. ನಾನು ಕೊಡುತ್ತೇನೆ. ಅಪ್ಪನಂತೆ ತಲೆಗೆ ಮೊಟಕುವುದಿಲ್ಲ.