ಅಂಟುಗೈಗೆ ಒಪ್ಪುವ ಫೋನು

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡು ಹೋದವರು ಊಟದ ಹೊತ್ತು ಮರೆತರೆ ಸಕ್ಕರೆ ಸರ್ರನೆ ಇಳಿದುಬಿಡುತ್ತದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬೆಂಕಿ ಮುಂದೆ ಎಲ್ಲರೂ ಬೆವರುತ್ತಾರೆ; ಇವರ ಬೆವರು ಬೇರೆ ಎಂದು ಯಾರಿಗೆ ಗೊತ್ತಾಗಬೇಕು? ಹೋದ ವರ್ಷ ಸೊಪ್ಪು ಕಟ್ಟಿ ನೇತುಹಾಕುವ ಕಡ್ಡಿಗಳ ಪಕ್ಕದಲ್ಲೇ ಕುಸಿದು ಕೂತಿದ್ದರು. ಫೋನು ಜೇಬಿನಲ್ಲೇ ಇತ್ತು. ಆದರೆ ಹಸಿ ಸೊಪ್ಪಿನ ಅಂಟು ಕಪ್ಪಗೆ ಮೆತ್ತಿಕೊಂಡಿದ್ದ ಬೆರಳನ್ನು ಅದು ಬೆರಳೆಂದೇ ಒಪ್ಪಲಿಲ್ಲ. ಬುತ್ತಿ ತಂದ ನನ್ನ ಓರಗಿತ್ತಿ ನೋಡಿದ್ದರಿಂದ ಉಳಿದರು.

ಈ ಸಲ ಮೊದಲ ಸೊಪ್ಪು ಮುರಿಯುವ ಹೊತ್ತಿಗೇ ಗಟ್ಟಿ ಫೋನು ಬೇಕೆಂದು ಹಟ ಹಿಡಿದು, ಅವರನ್ನು ಹೊರಡಿಸಿಕೊಂಡು ಹುಣಸೂರಿನ ಫೋನ್ ಅಂಗಡಿಗೆ ಹೋದೆ.

ಅಂಗಡಿಯವನು ಒಂದು ಫೋನನ್ನು ನೀರಿನ ಜಗ್ಗಿನಲ್ಲಿ ಮುಳುಗಿಸಿದ, ಇನ್ನೊಂದನ್ನು ನೆಲಕ್ಕೆಸೆದ. "ನೋಡಕ್ಕ, ಟ್ರ್ಯಾಕ್ಟರ್ ಅತ್ತಿಸಿದ್ರೂ ಏನೂ ಆಗಕಿಲ್ಲ."

"ಟ್ರ್ಯಾಕ್ಟರ್ ಹತ್ತಿಸೋರು ನಮ್ಮಲ್ಲಿ ಯಾರೂ ಇಲ್ಲಪ್ಪ. ದಯವಿಟ್ಟು ಆನ್ ಮಾಡಿ ಕೊಡಿ," ಎಂದೆ. ಕಾನ್ವೆಂಟಿನಲ್ಲಿ ಕಲಿತ 'ದಯವಿಟ್ಟು' ಇನ್ನೂ ಬಿಟ್ಟುಹೋಗಿಲ್ಲ.

ಬ್ಯಾಗಿನಿಂದ ಪೇಪರಿನಲ್ಲಿ ಸುತ್ತಿ ತಂದಿದ್ದ ಹೊಗೆಸೊಪ್ಪಿನ ಹಸಿ ಎಲೆಗಳನ್ನು ತೆಗೆದು ಹೆಬ್ಬೆರಳಿಗೆ ಚೆನ್ನಾಗಿ ತಿಕ್ಕಿಕೊಂಡೆ.

"ಫೋನೆಲ್ಲ ಅಂಟಾಯ್ತದೆ ಕಣಕ್ಕ," ಎಂದ ಅಂಗಡಿಯವನು.

"ಆಗ್ಲಿ ಅಂತಾನೇ ತಂದಿದ್ದು. ಒರೆಸಿ ಕೊಡ್ತೀನಿ."

ಯಜಮಾನರು ಮುಖ ತಿರುಗಿಸಿ ಗೋಡೆಗೆ ನೇತುಹಾಕಿದ್ದ ಇಯರ್‌ಫೋನುಗಳನ್ನು ನೋಡುತ್ತ ಹೇಳಿದರು: "ಇವಳು ಸಂತೇಲೂ ಇಂಗೇ ಕಣಪ್ಪ. ಬೆಂಡೆಕಾಯಿ ತುದಿ ಮುರೀದೆ ಬುಡಕಿಲ್ಲ."

ನೀರಿನಲ್ಲಿ ಗೆದ್ದ ಫೋನು ನನ್ನ ಹೆಬ್ಬೆರಳಿಗೆ ಮಿಸುಕಲೂ ಇಲ್ಲ. ನೆಲಕ್ಕೆ ಬಿದ್ದದ್ದು ತಾನಾಗಿಯೇ ಫೋಟೋಗಳನ್ನು ತೆರೆದುಕೊಂಡಿತು. ಮೂರನೆಯದು ಬಟ್ಟೆ ಸೋಪಿನಷ್ಟು ದಪ್ಪ, ಅಂದವಂತೂ ಇಲ್ಲ. ಪಕ್ಕದಲ್ಲಿ ಮಾತ್ರ ಕಿತ್ತಳೆ ಬಣ್ಣದ ಉಬ್ಬು ಗುಂಡಿ.

"ಇದನ್ನ ಒತ್ತಿ ಇಡ್ಕೊಂಡ್ರೆ ನೀವು ಯೋಳಿದ ನಂಬರಿಗೆ ಸೀದಾ ಫೋನ್ ಓಯ್ತದೆ. ಸ್ಕ್ರೀನ್ ಮುಟ್ಟೋದೇ ಬ್ಯಾಡ," ಎಂದ. ನನ್ನ ನಂಬರು ಹಾಕಿಸಿ ಒತ್ತಿದೆ. ಬ್ಯಾಗಿನೊಳಗೆ ನನ್ನ ಫೋನು ರಿಂಗಾಯಿತು.

"ಇಟ್ಟಿಗೆ ಇದ್ದಂಗದೆ. ಜೇಬು ಅರಿದೋಯ್ತದೆ," ಎಂದರು ಯಜಮಾನರು.

"ಹೊಲಿದು ಕೊಡ್ತೀನಿ. ತಗೊಳ್ಳಿ."

ಬ್ಯಾರನ್ ಹೊತ್ತಿಸಿ ಕೆಲವು ದಿನ ಕಳೆದಿದ್ದವು. ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಕರೆ ಬಂತು. ಆ ಕಡೆಯಿಂದ ಬರೀ ಉಸಿರು. ಆಮೇಲೆ ನಿಧಾನವಾಗಿ, "ಬಾ."

ಸಕ್ಕರೆ ನೀರಿನ ಬಾಟಲಿ ಹಿಡಿದು ಹೊಲದ ಬದುವಿನ ಮೇಲೆ ಓಡಿದೆ. ಬ್ಯಾರನ್ ಗೋಡೆಗೊರಗಿ ಕೂತಿದ್ದರು, ಅಂಗಿ ಮೈಗೆ ಅಂಟಿಕೊಂಡಿತ್ತು. ಹೆಬ್ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣಿನಲ್ಲಿ ನೋಟ ಮರಳಿತು. ಬಾಟಲಿಯನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡು, "ಏನಿದು, ಪಾನಕಕ್ಕೂ ಇಷ್ಟು ಸಕ್ಕರೆ ಆಕಕಿಲ್ಲ ಕಣೆ," ಎಂದು ಗದರಿದರು.

ಗದರಲಿ ಎಂದುಕೊಂಡೆ. ಅವರ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಕಿತ್ತಳೆ ಗುಂಡಿಗೆ ಮೆತ್ತಿದ್ದ ಅಂಟನ್ನು ಸೆರಗಿನ ತುದಿಯಿಂದ ಒರೆಸಿ ಫೋನನ್ನು ಮತ್ತೆ ಅವರ ಜೇಬಿಗೆ ಹಾಕಿದೆ.